ಅಘನಾಶಿನಿಯ ಅಳಿವೆ

ಸಹ್ಯಾದ್ರಿಯಲ್ಲಿ ಹುಟ್ಟಿ ಪಡುಗಡಲನ್ನು ಸೇರುವ ಉತ್ತರ ಕನ್ನಡದ ದೊಡ್ಡ ನದಿಗಳಲ್ಲಿ ಕಾಳಿಗೂ ಶರಾವತಿಗೂ ಅಣೆಕಟ್ಟುಗಳಾಗಿವೆ. ಅಂತಹ ಕಟ್ಟೆಯೊಂದಕ್ಕೂ ಸಿಕ್ಕದೆ ಕಡಲಿನವರೆಗೆ ಹರಿದು ಬರುವ ನದಿ ಅಘನಾಶಿನಿ. ಇದು ಶಿರಸಿಯ ಶಂಕರಹೊಂಡದಲ್ಲಿ ಉಗಮಿಸಿ, ಉಂಚಳ್ಳಿಯಲ್ಲಿ ಧುಮುಕಿ, ಸುಮಾರು ೧೨೦ ಕಿಲೋಮೀಟರು ಪಯಣಿಸಿ, ಕುಮಟಾ ತಾಲೂಕಿನ ತದಡಿಗೂ ಅಘನಾಶಿನಿಯೆಂಬ ಗ್ರಾಮಕ್ಕೂ ನಡುವೆ ಅರಬೀ ಸಮುದ್ರವನ್ನು ಕೂಡುವುದು. ಪ್ರವಾಸಿಗಳು ಜಲಪಾತವನ್ನು ಕಂಡು ಹಿಂದಿರುಗುವರು. ಯಾತ್ರಿಕರು ಸಮೀಪದ ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಮಾಡಿ ತೆರಳುವರು. ಅಳಿವೆಯನ್ನು ನೋಡಲೆಂದೇ ಬರುವವರು ವಿರಳ. ಅಘವನ್ನು, ಎಂದರೆ ಪಾಪವನ್ನು, ನಾಶಮಾಡುವವಳೆಂದು ಈ ನದಿಗೆ ಹೆಸರು; ಆಕೆ ಹಸಿವನ್ನು ನಾಶಮಾಡುವ ಬಗೆಯನ್ನು ತಿಳಿಯಬೇಕಾದರೆ ಈ ಅಳಿವೆಗೇ ಬರಬೇಕು.

ಕಡಲಿನ ಉಪ್ಪುನೀರೂ ಘಟ್ಟದ ಸಿಹಿನೀರೂ ಇಲ್ಲಿ ದಿನಕ್ಕೆರಡು ಬಾರಿ ಕೂಡಿ ಅಗಲುವುವು. ಭರತದ ವೇಳೆಯಲ್ಲಿ ಸರೋವರದಂತೆ ತುಂಬಿ ತೋರುವ ಹರವು, ಇಳಿತದ ವೇಳೆಯಲ್ಲಿ ಅಲ್ಲಲ್ಲಿ ಕೆಸರಿನ ಮತ್ತು ಮರಳಿನ ದಿಬ್ಬಗಳಾಗಿ ಬಯಲಾಗುವುದು. ಆಗ ಕೆಲಸದ ಸಮಯ. ಸೀರೆಯನ್ನು ಎತ್ತಿ ಕಟ್ಟಿ, ಬುಟ್ಟಿಗಳನ್ನು ಹಿಡಿದು ಹೆಂಗಸರು ನೀರಿಗಿಳಿಯುವರು. ಕೆಲವರು ಸಣ್ಣ ದೋಣಿಗಳಲ್ಲಿ ನಡುಹೊಳೆಗೆ ಸಾಗಿ ಮುಳುಗುಹಾಕುವರು. ಅವರು ಹುಡುಕುವುದು ಚಿಪ್ಪುಮೀನನ್ನು. ಕುಮಟೆಯ ಕಡೆಯವರು ಇದನ್ನು ಬೆಳಚು ಎನ್ನುವರು. ದಕ್ಷಿಣ ಕನ್ನಡದ ವಾಚಕರಿಗೆ ಮರುವಾಯಿ ಎಂದರೆ ಒಡನೆ ತಿಳಿದೀತು. ತೆಂಗಿನ ತುರಿಯೊಡನೆ ಬೇಯಿಸಿದ ಬೆಳಚು ಇಲ್ಲಿಯ ಊಟದಲ್ಲಿ ನಿತ್ಯಪರಿಚಿತ. ಮನೆಗೆ ಸಾಕಾಗಿ ಉಳಿದುದು ಪೇಟೆಗೆ ಹೋಗುವುದು. ಬಹುಪಾಲು ಗೋವೆಯವರೆಗೂ ಸಾಗುವುದು.

ಈ ಕಸುಬಿಗೆ ಬೇಕಾದ ಬಂಡವಾಳವೆಷ್ಟೆಂಬುದನ್ನು ವಾಚಕರು ಗಮನಿಸಬೇಕು. ಆಳಸಮುದ್ರಕ್ಕೆ ಹೋಗುವವನಿಗೆ ಯಂತ್ರದ ದೋಣಿ ಬೇಕು, ಎಣ್ಣೆ ಬೇಕು, ಮಂಜುಗಡ್ಡೆ ಬೇಕು. ಇವೆಲ್ಲಕ್ಕೂ ಸಾಲ ಬೇಕು. ಬೆಳಚು ಹೆಕ್ಕುವವಳಿಗೆ ಎರಡು ಕೈಗಳೂ ಒಂದು ಬುಟ್ಟಿಯೂ ಇಳಿತದ ವೇಳೆಯ ತಿಳಿವಳಿಕೆಯೂ ಇದ್ದರೆ ಸಾಕು. ಹೊಲವಿಲ್ಲದವಳು, ದುಡಿಯುವ ಗಂಡಸಿಲ್ಲದ ಮನೆಯವಳು, ಮುಪ್ಪಿನವಳು ಕೂಡ ಯಾರ ಅಂಗಳದಲ್ಲಿಯೂ ನಿಲ್ಲದೆ ಆ ದಿನದ ಅಕ್ಕಿಯನ್ನು ಸಂಪಾದಿಸಿಕೊಳ್ಳಬಲ್ಲಳು. ಹೊಳೆಯೇ ಅವಳ ಹೊಲ, ಹೊಳೆಯೇ ಅವಳ ಹಣದ ಪೆಟ್ಟಿಗೆ.

ಅಳಿವೆಯ ಅಂಚಿನ ತಗ್ಗು ಗದ್ದೆಗಳಿಗೆ ಗಜನಿಯೆಂದು ಹೆಸರು. ಮಳೆಗಾಲದಲ್ಲಿ ಉಪ್ಪಿನಂಶ ಕಡಿಮೆಯಾದಾಗ ಇಲ್ಲಿ ಕಗ್ಗವೆಂಬ ಭತ್ತವನ್ನು ಬಿತ್ತುವರು. ನೆರೆಯಲ್ಲಿ ನಿಂತರೂ ಕೊಳೆಯದ, ಉಪ್ಪನ್ನು ತಾಳಿಕೊಳ್ಳುವ, ಗೊಬ್ಬರವನ್ನೇ ಬೇಡದ ತಳಿಯಿದು. ಕೊಯ್ಲಾದ ಬಳಿಕ ಕಟ್ಟೆಯ ಬಾಗಿಲನ್ನು ತೆರೆದು ಭರತದ ನೀರನ್ನು ಒಳಬಿಡುವರು. ನೀರಿನೊಡನೆ ಬಂದ ಮೀನಿನ ಮರಿಗಳೂ, ಇಲ್ಲಿಯವರು ಶೆಟ್ಲಿಯೆನ್ನುವ ಸಿಗಡಿಗಳೂ ಕೊಳೆತ ಕೂಳೆಯ ಆಶ್ರಯದಲ್ಲಿ ಬೆಳೆಯುವುವು. ಒಂದೇ ನೆಲ ಅರ್ಧ ವರ್ಷ ಅನ್ನವನ್ನೂ ಉಳಿದರ್ಧ ಮೀನನ್ನೂ ಕೊಡುವುದು. ೧೯೯೦ರ ದಶಕದಲ್ಲಿ ಸಿಗಡಿಯ ರಫ್ತಿನ ಆಸೆಯಿಂದ ಅನೇಕ ಗಜನಿಗಳು ಗುತ್ತಿಗೆಗೆ ಹೋದುವು. ಕಗ್ಗ ಹಿಂದಕ್ಕೆ ಸರಿಯಿತು. ಬಳಿಕ ಸಿಗಡಿಗೆ ರೋಗ ಬಡಿದಾಗ, ಎರಡು ಬೆಳೆ ಕೊಡುತ್ತಿದ್ದ ಎಷ್ಟೋ ನೆಲ ಪಾಳುಬಿದ್ದಿತು.

ಸಾಣಿಕಟ್ಟೆಯ ಉಪ್ಪಿನ ಆಗರಗಳೂ ಈ ಹಿನ್ನೀರನ್ನೇ ಅವಲಂಬಿಸಿವೆ. ಕರಾವಳಿಯ ಮನೆಗಳಲ್ಲಿ ಮೀನನ್ನು ಉಪ್ಪು ಹಾಕಿ ಒಣಗಿಸಿ ಮಳೆಗಾಲಕ್ಕೆ ಕೂಡಿಡುವುದು ಹಳೆಯ ವಾಡಿಕೆ. ಹೀಗೆ ಅಕ್ಕಿ, ಮೀನು, ಉಪ್ಪು ಮೂರನ್ನೂ ಒಂದೇ ಅಳಿವೆ ಒದಗಿಸುವುದು. ೨೦೨೪ರ ಜನವರಿಯಲ್ಲಿ ಈ ಅಳಿವೆಯ ೪,೮೦೧ ಹೆಕ್ಟೇರು ಪ್ರದೇಶವು ರಾಮ್ಸರ್ ಪಟ್ಟಿಗೆ, ಎಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿತೆಂದು ಪ್ರಕಟವಾಯಿತು. ಆರರಿಂದ ಏಳೂವರೆ ಸಾವಿರ ಕುಟುಂಬಗಳ ಜೀವನಕ್ಕೆ ಇದು ನೆರವಾಗಿದೆಯೆಂದು ಆಗ ಸರಕಾರವೇ ತಿಳಿಸಿತು. ಒಂದು ಕಾರ್ಖಾನೆ ಇಷ್ಟು ಸಂಸಾರಗಳಿಗೆ ಕೆಲಸ ಕೊಟ್ಟಿದ್ದರೆ ನಾವು ಅದನ್ನು ಎಷ್ಟು ಕೊಂಡಾಡುತ್ತಿದ್ದೆವು!

ಈ ಸಂಪತ್ತು ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ದಕ್ಷಿಣಕ್ಕೆ ಹೊನ್ನಾವರದಲ್ಲಿ ಶರಾವತಿ ಸಮುದ್ರವನ್ನು ಸೇರುವುದು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ, ವಿದ್ಯುತ್ತನ್ನು ಉತ್ಪಾದಿಸಿ ಬಿಟ್ಟ ಸಿಹಿನೀರು ಆ ಹೊಳೆಯಲ್ಲಿ ಬೇಸಗೆಯಲ್ಲಿಯೂ ಹರಿಯತೊಡಗಿತು. ಅಳಿವೆಯ ಉಪ್ಪಿನಂಶ ತಗ್ಗಿತು. ಉಪ್ಪುನೀರನ್ನು ನಂಬಿದ ಬೆಳಚಿನ ಜಾತಿಗಳು ಅಲ್ಲಿ ಬಹುಮಟ್ಟಿಗೆ ಇಲ್ಲವಾದುವು. ನಾಡಿಗೆ ಬೆಳಕು ಬೇಕಾಗಿತ್ತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಬೆಳಕಿನ ಲೆಕ್ಕದಲ್ಲಿ ಬುಟ್ಟಿ ಬರಿದಾದವಳ ನಷ್ಟವನ್ನು ಯಾವ ಕಲಮಿನಲ್ಲಿ ಬರೆದರು? ಅವಳಿಗೆ ಹೊಲದ ಪಹಣಿಯಿರಲಿಲ್ಲ, ದೋಣಿಯ ನೋಂದಣಿಯಿರಲಿಲ್ಲ. ಕಾಗದದಲ್ಲಿ ಇಲ್ಲದುದಕ್ಕೆ ಪರಿಹಾರವೆಲ್ಲಿಯದು?

ಅಘನಾಶಿನಿಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಆಲೋಚನೆಗಳು ಆಗಾಗ ಕೇಳಿಬರುತ್ತಿವೆ. “ಸಮುದ್ರಕ್ಕೆ ವ್ಯರ್ಥವಾಗಿ ಹರಿಯುವ ನೀರು” ಎಂಬ ಮಾತು ಆಗ ಸಹಜವಾಗಿ ಬರುವುದು. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಅಳಿವೆಯನ್ನು ಕಣ್ಣಾರೆ ಕಂಡವರು “ವ್ಯರ್ಥ” ಎಂಬ ಶಬ್ದವನ್ನು ಬಳಸಲಾರರು. ಹೊಳೆ ತಂದ ಮೆಕ್ಕಲಿನಿಂದಲೇ ಗಜನಿಗೆ ಸಾರ. ಸಿಹಿನೀರಿನ ಹದದಿಂದಲೇ ಬೆಳಚು. ಆ ಬೆಳಚಾದರೂ ನೀರನ್ನು ಸೋಸಿ ತಿಳಿಯಾಗಿಸುತ್ತ ಹೊಳೆಯ ಋಣವನ್ನು ತೀರಿಸುವುದು. ಸಮುದ್ರವನ್ನು ಸೇರುವ ಮುನ್ನ ಆ ನೀರು ಸಾವಿರಾರು ಒಲೆಗಳನ್ನು ಹೊತ್ತಿಸಿರುತ್ತದೆ.

ಮನೆಯ ಆಯವ್ಯಯವನ್ನು ಬಲ್ಲ ಗೃಹಿಣಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಸಂಬಳವೊಂದೇ ಸಂಸಾರವನ್ನು ನಡೆಸದೆಂಬುದನ್ನೂ, ಹಿತ್ತಿಲ ಸೊಪ್ಪು, ಕೊಟ್ಟಿಗೆಯ ಹಾಲು ಯಾವ ಪುಸ್ತಕದಲ್ಲಿಯೂ ಜಮೆಯಾಗದೆ ಮನೆಯನ್ನು ಕಾಯುವುವೆಂಬುದನ್ನೂ ಆಕೆ ಅರಿತಿರುವಳು. ಕರಾವಳಿಯ ಬಡವರಿಗೆ ಅಳಿವೆಯು ಅಂತಹ ಹಿತ್ತಿಲು. ನಾಡಿನ ಲೆಕ್ಕ ಬರೆಯುವವರು ಇದನ್ನು ಜಮೆಯ ಕಡೆಗೆ ಮೊದಲು ಬರೆದುಕೊಳ್ಳಲಿ. ನದಿಯ ಮಾತನ್ನು ಆಮೇಲೆ ಆಡಲಿ.