ಭಸ್ಮದ ಮಾತಿಗೆ ಒಂದು ತಿದ್ದುಪಡಿ

ಕಳೆದ ಶ್ರಾವಣಮಾಸದಲ್ಲಿ ಕೃಷ್ಣರಾಜಪುರದ ಭಕ್ತರೊಬ್ಬರ ಮನೆಯ ಅನುಭಾವಗೋಷ್ಠಿಯಲ್ಲಿ ನಾವು ಒಂದು ಮಾತನ್ನಾಡಿದೆವು. ಮಠದ ಪಾಠಶಾಲೆಯಲ್ಲಿ ಸಂಸ್ಕೃತದೊಡನೆ ಅಲ್ಪಸ್ವಲ್ಪ ವೈದ್ಯವನ್ನೂ ಕಲಿತವರು ನಾವು. ಸತುವಿಗೆ ಪುಟವಿಟ್ಟು ಮಾಡುವ ಯಶದಭಸ್ಮವೂ ವಿಜ್ಞಾನಿಗಳ ಜಿಂಕ್ ಆಕ್ಸೈಡೂ ಬಹುಮಟ್ಟಿಗೆ ಒಂದೇ ವಸ್ತು. ಅದನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ಪತ್ರಿಕೆಯಲ್ಲಿ ಓದಿದ್ದ ನಾವು, "ಇದೆಲ್ಲ ನಮ್ಮ ಹಿರಿಯರಿಗೆ ತಿಳಿದಿತ್ತು" ಎಂದುಬಿಟ್ಟೆವು. ಸಭೆ ತಲೆದೂಗಿತು.

ಪ್ರಸಾದವಾದ ಬಳಿಕ ಆ ಮನೆಯ ಮಗ, ವಿಜ್ಞಾನದ ವಿದ್ಯಾರ್ಥಿ, ಹತ್ತಿರ ಬಂದು ಕುಳಿತನು. "ಶಾಸ್ತ್ರಿಗಳೇ, ತಪ್ಪು ತಿಳಿಯಬಾರದು. ವಸ್ತು ಒಂದೇ ಇರಬಹುದು. ಆದರೆ ಭಸ್ಮವನ್ನು ಒತ್ತಿದರೆ ವಿದ್ಯುತ್ತು ಸಿಗುವುದಿಲ್ಲ" ಎಂದನು. ನಮಗೆ ಮುಜುಗರವಾಯಿತು. ಆದರೂ ಕೇಳಿದೆವು.

ಕೆಲವು ಹರಳುಗಳನ್ನು ಒತ್ತಿದಾಗ ಅವುಗಳ ಮುಖಗಳಲ್ಲಿ ವಿದ್ಯುದಂಶ ತೋರುವುದನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ಕಂಡರಂತೆ. ಜಿಂಕ್ ಆಕ್ಸೈಡಿನ ಹರಳಿಗೂ ಆ ಗುಣವುಂಟು. ಆದರೆ ಪುಡಿಯನ್ನು ಒತ್ತಿ ಸುಟ್ಟ ಬಿಲ್ಲೆಯಲ್ಲಿ ಲೆಕ್ಕವಿಲ್ಲದ ಕಣಗಳು ದಿಕ್ಕಿಗೊಂದರಂತೆ ಮುಖಮಾಡಿರುತ್ತವೆ. ಒಂದರದನ್ನು ಮತ್ತೊಂದು ಅಳಿಸುತ್ತದೆ. ಮಿಲಿಮೀಟರಿನ ಲಕ್ಷದ ಕೆಲವೇ ಅಂಶದಷ್ಟು ಮೊನೆಯ ಸೂಜಿಯನ್ನು ಒಂದೊಂದೇ ಕಣದ ಮೇಲಿರಿಸಿದಾಗ ಮಾತ್ರ ಪ್ರತಿಯೊಂದರ ನಡತೆ ಬೇರೆಬೇರೆಯಾಗಿ ಕಾಣುತ್ತದೆ. ಅಂಥ ಸೂಜಿಯ ಯಂತ್ರ ಬಂದದ್ದು 1986ರಲ್ಲಿ. 2006ರಲ್ಲಿ ಅಮೆರಿಕದಲ್ಲಿ ಝೋಂಗ್ ಲಿನ್ ವಾಂಗ್ ಎಂಬವರ ತಂಡ ಅದೇ ಬಗೆಯ ಸೂಜಿಯಿಂದ, ಒಂದೇ ದಿಕ್ಕಿಗೆ ಬೆಳೆಸಿದ ಜಿಂಕ್ ಆಕ್ಸೈಡಿನ ಎಳೆಗಳನ್ನು ಬಾಗಿಸಿ ವಿದ್ಯುತ್ತನ್ನು ಅಳೆಯಿತು. ದೊರೆತದ್ದು ವೋಲ್ಟಿನ ಸಾವಿರದ ಕೆಲವಂಶ!

"ಹಾಗಾದರೆ ಸುಟ್ಟ ಬಿಲ್ಲೆ ವ್ಯರ್ಥವೇನಪ್ಪಾ?" ಎಂದೆವು. ಅವನು ನಮ್ಮನ್ನು ಅಂಗಳಕ್ಕೆ ಕರೆದೊಯ್ದು, ಬೀದಿಯ ಟ್ರಾನ್ಸ್‌ಫಾರ್ಮರಿನ ಮೇಲ್ಗಡೆ ಲೈನ್‌ಮನ್ನರು ಎಲ್.ಎ. ಎನ್ನುವ ಸಿಡಿಲು ತಡೆಯುವ ಸಾಧನವನ್ನು ತೋರಿಸಿದನು. ಈಗಿನವುಗಳ ಒಡಲಿನಲ್ಲಿರುವುದು ಇದೇ ಬಿಲ್ಲೆಗಳು. ಜಿಂಕ್ ಆಕ್ಸೈಡಿಗೆ ಬಿಸ್ಮತ್ ಆಕ್ಸೈಡ್ ಮೊದಲಾದುವನ್ನು ತುಸುವೇ ಬೆರೆಸಿ ಸಾವಿರ ಡಿಗ್ರಿಗೂ ಮಿಗಿಲಾದ ಶಾಖದಲ್ಲಿ ಸುಡುತ್ತಾರೆ. ಕಣವು ವಿದ್ಯುತ್ತನ್ನು ಹರಿಯಬಿಡುತ್ತದೆ. ಕಣಕಣಗಳು ಕೂಡುವ ಗಡಿ ತಡೆಯುತ್ತದೆ. ಒಂದೊಂದು ಗಡಿ ತಡೆಯುವುದು ಸುಮಾರು 3 ವೋಲ್ಟು ಮಾತ್ರ. ಆದರೆ ಸಾಲಾಗಿ ಸಾವಿರಾರು ಗಡಿಗಳಿವೆ. ಸಿಡಿಲಿನ ಹೊಡೆತ ಬಂದಾಗ ಎಲ್ಲವೂ ದಾರಿಬಿಟ್ಟು ಅದನ್ನು ನೆಲಕ್ಕಿಳಿಸಿ, ಮರುಕ್ಷಣವೇ ಮೊದಲಿನಂತೆ ಮುಚ್ಚಿಕೊಳ್ಳುತ್ತವೆ. ನಾವು ಆ ಕಂಬವನ್ನೇ ನೋಡುತ್ತ ಬಹಳ ಹೊತ್ತು ನಿಂತೆವು.

ನಮ್ಮ ಹಿರಿಯರು ಯಶದಭಸ್ಮವನ್ನು ಕಣ್ಣಿನ ಬೇನೆಗೆ, ಪ್ರಮೇಹಕ್ಕೆ ಬಳಸಿದರು, ವಿದ್ಯುತ್ತಿಗಲ್ಲ. (ವಿಭೂತಿಯನ್ನು ಇದರೊಡನೆ ಬೆರೆಸುವುದೂ ಬೇಡ. ಅದು ಗೋಮಯದ ಭಸ್ಮ. ಅದರ ಮಹಿಮೆಗೆ ವೋಲ್ಟಿನ ಸಾಕ್ಷ್ಯ ಬೇಕಿಲ್ಲ.) ಅಂದು ನಮ್ಮ ಮಾತನ್ನು ಕೇಳಿ ಬೇರೆಡೆ ಹೇಳಿರುವ ಭಕ್ತರು ದಯವಿಟ್ಟು ತಿದ್ದಿ ಹೇಳಬೇಕು. ಮುಂದಿನ ಗೋಷ್ಠಿಯೂ ಅದೇ ಮನೆಯಲ್ಲಿದೆ. ಮೊದಲು ಆ ಹುಡುಗನೇ ಮಾತನಾಡಲೆಂದು ಕೇಳಿಕೊಂಡಿದ್ದೇವೆ.