ಮೊಟ್ಟೆಯ ಮೇಲೆ ಹೆಸರಿಲ್ಲ

ನನ್ನ ತವರು ಮೊಳಕಾಲ್ಮೂರು, ಗಂಡನ ಮನೆ ಚಳ್ಳಕೆರೆ. ಎರಡೂ ಊರುಗಳ ಶಾಲೆಗಳಲ್ಲಿ ಪಾಠ ಮಾಡಿದ್ದೇನೆ. ಮೊಳಕಾಲ್ಮೂರಿನಲ್ಲಿದ್ದಾಗ ಒಮ್ಮೆ ಕಂಪೆನಿಯೊಂದರವರು ಮಕ್ಕಳಿಗೆ ಬ್ಯಾಗ್ ಹಂಚಲು ಬಂದರು. ಹತ್ತು ಗಂಟೆಗೆ ಬರುತ್ತೇವೆಂದವರು ಬಂದದ್ದು ಹನ್ನೆರಡೂವರೆಗೆ. ಅಷ್ಟು ಹೊತ್ತೂ ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ಕೂರಿಸಿದವಳು ನಾನೇ. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬಂದವರು ಮೊದಲು ಬ್ಯಾನರ್ ಕಟ್ಟಿದರು, ಆಮೇಲೆ ಕ್ಯಾಮೆರಾ ತೆಗೆದರು. "ಚಪ್ಪಲಿ ಇಲ್ಲದ ಮಕ್ಕಳನ್ನು ಮುಂದೆ ನಿಲ್ಲಿಸಿ" ಎಂದರು. ನಿಲ್ಲಿಸಿದೆ. ನೇಕಾರರ ಮನೆಯ ಹುಡುಗಿಯೊಬ್ಬಳು ತಲೆ ತಗ್ಗಿಸಿದಾಗ "ನಗಮ್ಮ" ಎಂದು ಗದ್ದ ಎತ್ತಿದವಳೂ ನಾನೇ.

ವಾರ ಕಳೆದ ಮೇಲೆ ನೋಡಿದರೆ ಅವಳ ಬ್ಯಾಗಿನ ಮೇಲಿದ್ದ ಕಂಪೆನಿಯ ಹೆಸರು ಕಾಣಿಸುತ್ತಿರಲಿಲ್ಲ. ಅದರ ಮೇಲೆ ರೇಷ್ಮೆ ಬಟ್ಟೆಯ ತುಂಡೊಂದನ್ನು ಹೊಲಿದಿದ್ದರು. ತಾಯಿ ಸಿಕ್ಕಾಗ ಕೇಳಿದೆ. "ದಾರೀಲಿ ಹೋಗುವಾಗ ಇದು ಪುಕ್ಕಟೆ ಕೊಟ್ಟ ಬ್ಯಾಗು ಅಂತ ಎಲ್ರಿಗೂ ಗೊತ್ತಾಗುತ್ತೆ ಟೀಚರ್, ಮಗು ಅತ್ತಳು" ಎಂದರು. ಕೋಪವಿರಲಿಲ್ಲ ಆ ಮಾತಿನಲ್ಲಿ. ನನಗೆ ಮಾತ್ರ ಆ ರಾತ್ರಿ ನಿದ್ರೆ ಬರಲಿಲ್ಲ.

ಕಂಪೆನಿಗಳ ಇಂಥ ನೆರವು ಉಪಕಾರವೆಂದೇ ನಾನೂ ತಿಳಿದಿದ್ದೆ. ಅದು ಹಾಗಲ್ಲ. 2013ರ ಕಂಪೆನಿ ಕಾಯಿದೆಯ 135ನೇ ಕಲಮಿನ ಪ್ರಕಾರ ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭವಿರುವ, ಅಥವಾ 500 ಕೋಟಿ ನಿವ್ವಳ ಆಸ್ತಿ, ಇಲ್ಲವೇ 1,000 ಕೋಟಿ ವಹಿವಾಟು ಇರುವ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಹಸಿವು, ಆರೋಗ್ಯ, ಶಿಕ್ಷಣದ ಜೊತೆಗೆ ಕಲೆ, ಪರಂಪರೆ, ಕೈಕಸುಬುಗಳೂ ಆ ಪಟ್ಟಿಯಲ್ಲಿವೆ. ತಮ್ಮ ಸರಕಿನ ಪ್ರಚಾರಕ್ಕಾಗಿ ಮಾಡುವ ಪ್ರಾಯೋಜಕತ್ವವನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದು 2021ರ ನಿಯಮ ಸ್ಪಷ್ಟವಾಗಿ ಹೇಳಿದೆ. ಇದನ್ನು ಓದಿದಾಗ ನನಗೆ ಆ ಬ್ಯಾನರ್ ನೆನಪಾಯಿತು.

ಮದ್ರಸದಲ್ಲಿ ನಮಗೆ ಪಾಠ ಹೇಳಿದ ಆಪಾ ಝಕಾತಿನ ಅಧ್ಯಾಯಕ್ಕೆ ಬಂದಾಗ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ಶೇಕಡಾ ಎರಡೂವರೆ ಬಡವರ ಹಕ್ಕು, ನಮ್ಮ ದೊಡ್ಡತನವಲ್ಲ. ಝಕಾತ್ ಉಳಿದ ಸಂಪತ್ತಿನ ಮೇಲೆ, ಕಂಪೆನಿಗಳದ್ದು ಲಾಭದ ಮೇಲೆ. ಒಂದು ಆರಾಧನೆ, ಇನ್ನೊಂದು ಕಾನೂನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಪಡೆಯುವವರ ಮುಖವನ್ನು ಬೆಲೆಯಾಗಿ ಕೇಳಬಾರದೆಂಬುದು ಎರಡಕ್ಕೂ ಸಲ್ಲಬೇಕಲ್ಲವೇ?

ಇಲ್ಲಿ ನಾವು ಬೇರೆಯವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ರಮಝಾನ್ ಬಂದರೆ ನಮ್ಮ ಮೊಬೈಲುಗಳಲ್ಲಿ ಬರುವ ಫೋಟೋಗಳನ್ನು ನೀವೂ ನೋಡಿದ್ದೀರಿ. ಐದು ಕಿಲೋ ಅಕ್ಕಿಯ ಚೀಲವನ್ನು ನಾಲ್ವರು ಹಿಡಿದಿರುತ್ತಾರೆ, ನಡುವೆ ವಿಧವೆಯೊಬ್ಬಳು ಸೆರಗಿನಿಂದ ಮುಖ ಮುಚ್ಚಿಕೊಂಡಿರುತ್ತಾಳೆ. ಮಸೀದಿಯ ಫ್ಯಾನಿನ ರೆಕ್ಕೆಗಳ ಮೇಲೂ ಹೆಸರು ಬರೆಸುತ್ತೇವೆ. ಫ್ಯಾನ್ ತಿರುಗುವಾಗ ಅದು ಕಾಣುವುದಿಲ್ಲ ಎಂಬುದೊಂದೇ ಸಮಾಧಾನ!

ಈಗ ಚಳ್ಳಕೆರೆಯ ನನ್ನ ಶಾಲೆಯ ಮಾತು. ಮಕ್ಕಳಿಗೆ ಸರಕಾರ ವಾರಕ್ಕೆ ಎರಡು ಮೊಟ್ಟೆ ಕೊಡುತ್ತಿತ್ತು. 2024ರ ಜುಲೈಯಲ್ಲಿ ಅಝೀಂ ಪ್ರೇಮ್‌ಜಿ ಫೌಂಡೇಶನ್ ರಾಜ್ಯ ಸರಕಾರದೊಂದಿಗೆ ಒಪ್ಪಂದ ಮಾಡಿಕೊಂಡು ಇನ್ನೂ ನಾಲ್ಕು ದಿನಗಳ ವೆಚ್ಚವನ್ನು ವಹಿಸಿಕೊಂಡಿತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ಆ ಸೆಪ್ಟೆಂಬರ್‌ನಿಂದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಒಂದರಿಂದ ಹತ್ತನೇ ತರಗತಿಯವರೆಗೆ ವಾರಕ್ಕೆ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಇದು ಕಂಪೆನಿಯ ಶೇ. 2ರ ಲೆಕ್ಕವಲ್ಲ. ವಿಪ್ರೋ ಕಂಪೆನಿಯ ತಮ್ಮ ಷೇರುಗಳ ಬಹುಪಾಲು ಆದಾಯವನ್ನು ಪ್ರೇಮ್‌ಜಿಯವರು ಈ ಫೌಂಡೇಶನ್ನಿಗೇ ಬಿಟ್ಟುಕೊಟ್ಟಿದ್ದಾರೆ. ಪತ್ರಿಕೆಗಳಲ್ಲಿ ಹೆಸರು ಬಂತು, ಬರಲಿ. ತಟ್ಟೆಯಲ್ಲಿ ಬರಲಿಲ್ಲ. ಸರಕಾರದ ಮೊಟ್ಟೆ ಯಾವುದು, ಪ್ರೇಮ್‌ಜಿಯವರದ್ದು ಯಾವುದು ಎಂದು ನಮ್ಮ ಎರಡನೇ ತರಗತಿಯ ಹುಡುಗನಿಗೆ ತಿಳಿಯದು. ಅವನಿಗೆ ಗೊತ್ತಿರುವುದು ಹಳದಿ ಭಾಗವನ್ನು ಕೊನೆಗೆ ತಿನ್ನಬೇಕೆಂಬುದು ಮಾತ್ರ.

ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಮಾನ್ಯತೆ ಸಿಕ್ಕಿದೆ, ಮೇಳಗಳಲ್ಲಿ ಮಳಿಗೆ ಸಿಗುತ್ತದೆ. ನೇಕಾರರ ಮಗ್ಗಕ್ಕೂ ಕಂಪೆನಿಗಳ ಈ ಹಣ ಬರಬಹುದು, ಕಾಯಿದೆಯ ಪಟ್ಟಿಯಲ್ಲಿ ಕೈಕಸುಬು ಇದೆಯಲ್ಲ. ಬಂದರೆ ವೇದಿಕೆಯ ಮೇಲೆ ಶಾಲು ಹೊದಿಸುವುದಕ್ಕಲ್ಲ, ನೂಲಿಗೆ ಬರಲಿ.

ಬ್ಯಾಗಿಗೆ ಪಟ್ಟಿ ಹೊಲಿದಿದ್ದ ಆ ತಾಯಿ ಕಳೆದ ವರ್ಷ ಫೋನ್ ಮಾಡಿದ್ದರು. ಸರಕಾರಿ ಶಾಲೆ, ಸರಕಾರಿ ಪಿಯು ಕಾಲೇಜಿನಲ್ಲಿ ಓದಿ ಪದವಿಗೆ ಸೇರುವ ಹುಡುಗಿಯರಿಗೆ ಇದೇ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತದಲ್ಲ, ಚಿಕ್ಕ ಮಗಳಿಗೆ ಅರ್ಜಿ ಹಾಕಬೇಕಿತ್ತು. ಅವರು ಮೊದಲು ಕೇಳಿದ್ದು, "ಸ್ಟೇಜ್ ಮೇಲೆ ನಿಲ್ಲಿಸ್ತಾರಾ ಟೀಚರ್?" ಇಲ್ಲ, ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ ಎಂದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಯಾವ ಯಾವ ಕಾಗದ ಬೇಕೆಂದು ಕೇಳಿ ಬರೆದುಕೊಂಡರು. ಅವರ ದೊಡ್ಡ ಮಗಳ ಬಳಿ ಕ್ಷಮೆ ಕೇಳಬೇಕೆಂದುಕೊಂಡಿದ್ದೆ. ಅವಳು ಮದುವೆಯಾಗಿ ರಾಯದುರ್ಗದಲ್ಲಿದ್ದಾಳಂತೆ.