ಸಹಿ ಹಾಕುವ ಮುನ್ನ



ಮನೆಯ ನೋವನ್ನು ಪತ್ರಿಕೆಯಲ್ಲಿ ಬರೆಯುವುದು ನಮ್ಮಂಥ ಹಿರಿಯರಿಗೆ ಸುಲಭವಲ್ಲ. ಆದರೂ ಇನ್ನೊಂದು ಮನೆಗೆ ಎಚ್ಚರಿಕೆಯಾಗಲೆಂದು ನಾವು ದಂಪತಿಗಳು ಇದನ್ನು ಬರೆಯುತ್ತಿದ್ದೇವೆ.

ತಾಯಿ ತೀರಿಕೊಂಡ ಮೇಲೆ ನಮ್ಮ ಮಡಿಲಲ್ಲಿ ಬೆಳೆದ ತಂಗಿಯ ಮಗಳು ಮದುವೆಯಾಗಿ ಅಮೆರಿಕೆಯ ನ್ಯೂ ಜೆರ್ಸಿ ರಾಜ್ಯಕ್ಕೆ ಹೋದಳು. ಹದಿನಾಲ್ಕು ವರ್ಷಗಳ ದಾಂಪತ್ಯ ಅಲ್ಲಿಯೇ ಮುರಿದುಬಿತ್ತು. ಆ ರಾಜ್ಯದಲ್ಲಿ ಇಂಥ ವ್ಯಾಜ್ಯ ನಡೆದಾಗ ಗಂಡ ಹೆಂಡಿರಿಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರಪಟ್ಟಿ ಸಲ್ಲಿಸಬೇಕು. ದಾಂಪತ್ಯದ ಕಾಲದಲ್ಲಿ ಗಳಿಸಿದ್ದು ನ್ಯಾಯೋಚಿತವಾಗಿ ಹಂಚಿಕೆಯಾಗಬೇಕು. ಅವಳ ವಕೀಲರು ಎದುರು ಪಕ್ಷದ ಪಟ್ಟಿಯನ್ನು ಪರಿಶೀಲಿಸದೆ ನಂಬಿದರು. ಕಂಪನಿಯ ಷೇರುಗಳ ಹಾಗೂ ನಿವೃತ್ತಿ ನಿಧಿಯ ಕಾಗದಪತ್ರಗಳನ್ನು ಕೇಳಲೇ ಇಲ್ಲ. ರಾಜಿಪತ್ರ ಸಿದ್ಧವಾಯಿತು.

“ದೊಡ್ಡವ್ವಾ, ಲೆಕ್ಕ ಸರಿ ಕಾಣುತ್ತಿಲ್ಲ, ಏನು ಮಾಡಲಿ?” ಎಂದು ಅವಳು ಫೋನಿನಲ್ಲಿ ಕೇಳಿದಳು.

“ನಾಲ್ಕು ಜನರ ಬಾಯಿಗೆ ಬೀಳುವುದು ಬೇಡ ತಾಯಿ, ಸಹಿ ಹಾಕಿ ಮುಗಿಸಿಬಿಡು” ಎಂದೆವು. ಅವಳು ಹಾಕಿದಳು.

ಎರಡು ವರ್ಷಗಳ ನಂತರ, ಪಟ್ಟಿಯಲ್ಲಿ ಸೇರದ ಷೇರುಗಳ ಸಂಗತಿ ಬೆಳಕಿಗೆ ಬಂದಿತು. ತನ್ನ ವಕೀಲರ ಮೇಲೆಯೇ ನಷ್ಟ ಪರಿಹಾರದ ದಾವೆ ಹೂಡಲು ಅವಳು ನಿಶ್ಚಯಿಸಿದಳು. ಸ್ವಇಚ್ಛೆಯಿಂದ ಒಪ್ಪಿದವಳಿಗೆ ಆ ಹಕ್ಕುಂಟೇ ಎಂದು ನಾವು ಸಂದೇಹಪಟ್ಟೆವು. ಆದರೆ ರಾಜಿಯನ್ನು ನ್ಯಾಯಾಲಯದ ಮುಂದೆ ಒಪ್ಪಿಕೊಂಡಿದ್ದರೂ, ವಕೀಲರ ಅಲಕ್ಷ್ಯದಿಂದ ನಷ್ಟವಾಗಿದ್ದರೆ ಕಕ್ಷಿದಾರಳು ದಾವೆ ಹೂಡಬಹುದೆಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1992ರಲ್ಲಿಯೇ ಹೇಳಿತ್ತು. ಅದೂ ಒಬ್ಬ ವಿಚ್ಛೇದಿತ ಮಹಿಳೆಯ ಮೊಕದ್ದಮೆಯೇ ಆಗಿತ್ತು.

ಆದರೆ ನೊಂದವರ ಮಾತಷ್ಟೇ ಸಾಲದು. ಅಲ್ಲಿನ 1995ರ ಕಾನೂನಿನಂತೆ, ಪ್ರತಿವಾದಿಯ ಉತ್ತರ ಬಂದ 60 ದಿನಗಳೊಳಗೆ ಇನ್ನೊಬ್ಬ ವಕೀಲರ ಪ್ರಮಾಣಪತ್ರ ಸಲ್ಲಿಸಬೇಕು. ಸಕಾರಣವಿದ್ದರೆ ಮತ್ತೆ 60 ದಿನಗಳವರೆಗೆ ಕಾಲಾವಕಾಶ ದೊರೆಯಬಹುದು. ಆ ವಕೀಲರು ಅದೇ ಕ್ಷೇತ್ರದಲ್ಲಿ ನುರಿತವರಾಗಿರಬೇಕು, ಮೊಕದ್ದಮೆಯ ಫಲದಲ್ಲಿ ಅವರಿಗೆ ಹಣದ ಹಿತವಿರಬಾರದು. ಮುಂದೆ ವಿಚಾರಣೆಯಲ್ಲಿಯೂ ತಜ್ಞರ ಸಾಕ್ಷ್ಯ ಬೇಕಾಗುತ್ತದೆ.

ಇದೇಕೆಂದು ಮೊದಲು ನಮಗೆ ತಿಳಿಯಲಿಲ್ಲ. ಯೋಚಿಸಿದಾಗ ಅರ್ಥವಾಯಿತು. ಗೋಡೆ ಬಿರುಕು ಬಿಟ್ಟಿತೆಂದ ಮಾತ್ರಕ್ಕೆ ಗೌಂಡಿಯ ತಪ್ಪೆನ್ನಲಾಗದು, ನೆಲವೇ ಕುಸಿದಿರಬಹುದು. ಅದನ್ನು ಅರಿತು ಹೇಳಬಲ್ಲವನು ಇನ್ನೊಬ್ಬ ಗೌಂಡಿಯೇ. ಹಾಗೆಯೇ ಎಚ್ಚರವುಳ್ಳ ವಕೀಲರು ಯಾವ ಕಾಗದಗಳನ್ನು ಕೇಳುತ್ತಿದ್ದರು, ಕೇಳಿದ್ದರೆ ಅವಳ ಪಾಲು ಎಷ್ಟಾಗುತ್ತಿತ್ತು ಎಂಬುದನ್ನು ಬಲ್ಲವರೇ ವಿವರಿಸಬೇಕು. ಹಳೆಯ ಮೊಕದ್ದಮೆಯನ್ನು ಹೊಸದರೊಳಗೆ ಮತ್ತೊಮ್ಮೆ ನಡೆಸಿದಂತೆಯೇ ಸರಿ. ಗಡುವು ತಪ್ಪಿಸಿದಂಥ, ಯಾರಿಗೂ ಕಾಣುವ ತಪ್ಪಿಗೆ ಮಾತ್ರ ತಜ್ಞರು ಬೇಕಾಗದಿರಬಹುದು.

ವೃತ್ತಿಬಾಂಧವರ ವಿರುದ್ಧ ನುಡಿಯಲು ಹಲವರು ಹಿಂಜರಿದರು. ಕೊನೆಗೆ ದೂರದ ಊರಿನ ಒಬ್ಬರು ಒಪ್ಪಿದರು. ವಿಚಾರಣೆಗೆ ಮುನ್ನ ಎದುರು ಪಕ್ಷದವರು ಪ್ರಮಾಣ ಮಾಡಿಸಿ ಪ್ರಶ್ನಿಸುವ ಕ್ರಮ ಅಲ್ಲಿದೆ. “ಸಹಿ ಹಾಕೆಂದು ನಿಮಗೆ ಹೇಳಿದವರು ಯಾರು?” ಎಂದು ಅವಳನ್ನು ಕೇಳಿದರು. “ವಕೀಲರೂ ಹೇಳಿದರು, ನನ್ನ ಮನೆಯ ಹಿರಿಯರೂ ಹೇಳಿದರು” ಎಂದು ಅವಳು ನಿಜವನ್ನೇ ನುಡಿದಳು. ಆ ಸುದ್ದಿ ತಿಳಿದ ದಿನ ಇಷ್ಟಲಿಂಗ ಪೂಜೆಗೆ ಕುಳಿತ ನಮ್ಮ ಕೈ ನಡುಗಿತು. ಆ ಉತ್ತರದಿಂದ ಅವಳ ಪಕ್ಷ ಸಡಿಲಾಯಿತು. ದಾವೆ ರಾಜಿಯಲ್ಲಿ ಮುಗಿದು ನಷ್ಟದ ಒಂದು ಭಾಗ ಮಾತ್ರ ಕೈಸೇರಿತು; ಅದರಲ್ಲಿಯೂ ತಜ್ಞರ ಶುಲ್ಕ ಕಳೆಯಬೇಕಾಯಿತು.

ನಮ್ಮ ನಾಡಿನಲ್ಲಿ ದಾರಿ ಬೇರೆ. 1955ರ ಹಿಂದೂ ವಿವಾಹ ಕಾಯ್ದೆಯು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅದು 6 ತಿಂಗಳ ಅವಧಿಯನ್ನಿಟ್ಟಿರುವುದು ಯೋಚಿಸಲೆಂದೇ. ಯೋಗ್ಯ ಪ್ರಕರಣಗಳಲ್ಲಿ ನ್ಯಾಯಾಲಯವು ಅದನ್ನು ಬಿಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರ ಸೇವಾಲೋಪಕ್ಕಾಗಿ ಗ್ರಾಹಕ ನ್ಯಾಯಾಲಯಕ್ಕೆ ಹೋಗಲಾಗದೆಂದು 2024ರ ಮೇ 14ರಂದು ಅದೇ ನ್ಯಾಯಾಲಯ ತೀರ್ಪಿತ್ತಿದೆ. ಆದರೆ ದುರ್ನಡತೆಯಾದರೆ 1961ರ ವಕೀಲರ ಕಾಯ್ದೆಯ 35ನೆಯ ಕಲಮಿನಂತೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಅಲಕ್ಷ್ಯದ ನಷ್ಟಕ್ಕೆ ಸಿವಿಲ್ ದಾವೆಯ ದಾರಿಯೂ ಉಂಟು.

ವಕೀಲಿಯೂ ಒಂದು ಕಾಯಕವೇ. ಅದನ್ನು ಸತ್ಯಶುದ್ಧವಾಗಿ ನಡೆಸುವವರು ಅನೇಕರಿದ್ದಾರೆ. ಆದರೆ ಕಾಯಕವೆಂದ ಮೇಲೆ ಲೆಕ್ಕ ಕೊಡಬೇಕು, ನಾವು ಲೆಕ್ಕ ಕೇಳಬೇಕು. ಪ್ರತಿಯೊಂದು ಕಾಗದದ ನಕಲು ನಿಮ್ಮಲ್ಲಿರಲಿ. ವಕೀಲರು ಹೇಳಿದ್ದನ್ನು ದಿನಾಂಕ ಸಹಿತ ಬರೆದಿಡಿರಿ. ಮಗಳು “ಲೆಕ್ಕ ಸರಿ ಕಾಣುತ್ತಿಲ್ಲ” ಎಂದರೆ ಮನೆತನದ ಮರ್ಯಾದೆಯನ್ನು ಅಡ್ಡ ತರದೆ ಮೊದಲು ಲೆಕ್ಕ ನೋಡಿರಿ.

ಅವಳು ಇಂದಿಗೂ ಪ್ರತಿ ಸೋಮವಾರ ಫೋನು ಮಾಡುತ್ತಾಳೆ. ಆ ಮಾತನ್ನು ಒಮ್ಮೆಯೂ ಎತ್ತಿಲ್ಲ. ಅದಕ್ಕಾಗಿಯೇ ನಾವು ಇದನ್ನು ಬರೆದೆವು.